ಗಾರ್ಡು ಮೂಡ್ಲಗಿರಿಯಪ್ಪನ ಕುಡಿಕೆ

ಹಿಂದೆ, ಬಹಳ ಹಿಂದೆ, ಊರಿಗೆಲ್ಲ ಇದ್ದ ಒಂದೇ ಗಡಿಯಾರ ಪಟೇಲರ ಮನೆಯಲ್ಲಿ ನಿಂತುಹೋಗಿದ್ದ ಕಾಲದಲ್ಲಿ, ಸಜ್ಜೆಹಳ್ಳಿ ಅಂತ ಒಂದೂರು. ಊರ ಸುತ್ತ ಬಂಡೆ, ಬಂಡೆಯ ಸುತ್ತ ಈಚಲು, ಈಚಲ ನಡುವೆ ಚಿಕ್ಕ ರೈಲಿನ ಹಳಿ. ಆ ರೈಲು ಎಷ್ಟು ಚಿಕ್ಕದೆಂದರೆ, ಎಮ್ಮೆ ಅಡ್ಡ ಮಲಗಿದರೆ ಎಮ್ಮೆ ಏಳುತ್ತಿರಲಿಲ್ಲ, ರೈಲೇ ಕಾಯುತ್ತಿತ್ತು ಅಂತಾರೆ. ಏರು ಬಂದರೆ ಗಂಡಸರು ಇಳಿದು ಪಕ್ಕದಲ್ಲಿ ನಡೆಯುತ್ತಿದ್ದರು. ಹೆಂಗಸರು ಒಳಗೇ ಕೂತು ಬೈಯುತ್ತಿದ್ದರು.

ಕೆಂಪನಕೋಟೆಯಿಂದ ಹೊಂಗೆದುರ್ಗಕ್ಕೆ ಐದು ಕಡೆ ರೈಲು ನಿಲ್ಲುತ್ತಿತ್ತು. ಐದು ಕಡೆಯೂ ಒಂದೊಂದು ಹೆಂಡದಂಗಡಿ. ರೈಲು ಮೊದಲು ಬಂತೋ ಅಂಗಡಿ ಮೊದಲೋ ಅನ್ನುವ ಜಗಳ ಇನ್ನೂ ತೀರಿಲ್ಲ. ಹಳಿ ಹಾಕಿದವರು ದಣಿದು ಕೂತಲ್ಲೆಲ್ಲ ಅಂಗಡಿ ಆಯಿತು, ಅಂಗಡಿ ಆದಲ್ಲೆಲ್ಲ ರೈಲು ನಿಂತಿತು ಅಂತಾರೆ. ಭಾನುವಾರ ಬಂತೆಂದರೆ ಕೋಟೆಯ ಜನ ಕೊನೆಯವರೆಗೂ ಟಿಕೇಟು ತೆಗೆಸಿ ಹತ್ತುತ್ತಿದ್ದರು. ಕರೇಕಲ್ಲಿನ ಹೆಂಡ ಸಿಹಿ, ಮಗು ಕೂಡ ನಗುತ್ತಿತ್ತು. ಗೊಲ್ಲರಬಾವಿಯದು ಹುಳಿ, ಒಂದು ಗುಟುಕಿಗೆ ಒಂದು ಕಣ್ಣು ಮುಚ್ಚುತ್ತಿತ್ತು. ಕೊನೆಯದು ಸಜ್ಜೆಹಳ್ಳಿ, ಅಲ್ಲಿ ಓಬಕ್ಕನ ಅಂಗಡಿ. ಓಬಕ್ಕನ ಹುರುಳಿ ಉಸಲಿ ಎಷ್ಟು ಖಾರ ಅಂದರೆ, ಬಾಯಿ ಉರಿಗೆ ಹೆಂಡ ಕುಡಿಯಬೇಕು, ಹೆಂಡ ಇಳಿಯಲು ಉಸಲಿ ತಿನ್ನಬೇಕು, ಹೀಗೇ ಮಧ್ಯಾಹ್ನ ಕಳೆಯುತ್ತಿತ್ತು.

ಈ ರೈಲಿಗೆ ಗಾರ್ಡು ಮೂಡ್ಲಗಿರಿಯಪ್ಪ. ಹೆಂಡ ಮುಟ್ಟದ ಮನುಷ್ಯ. ಅವನ ದನಿ ಅವನ ಮೀಸೆಯನ್ನೇ ದಾಟುತ್ತಿರಲಿಲ್ಲವಂತೆ. ಹತ್ತಿ ಹತ್ತಿ ಅಂತ ಅವನು ಕರೆದರೆ ಪಕ್ಕದಲ್ಲಿದ್ದವನೂ ಏನಂದ್ರಿ ಅಂತ ಕೇಳುತ್ತಿದ್ದ. ಸೀಟಿ ಊದಿದರೆ ಕುಡಿದವರು ತಿರುಗಿ ಸೀಟಿ ಹೊಡೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂವರನ್ನು ಕಾಡಿನಲ್ಲಿ ಬಿಟ್ಟುಬಂದು, ಅವರ ಹೆಂಡತಿಯರಿಂದ ಮೂರು ಸಲ ಬೈಸಿಕೊಂಡನಂತೆ. ಅವತ್ತಿಂದ ಅವನು ಜನರನ್ನು ನೋಡುವುದು ಬಿಟ್ಟ. ಕುಡಿಕೆ ನೋಡತೊಡಗಿದ.

ಆ ಸೀಮೆಯ ಹೆಂಡದಂಗಡಿಗಳಲ್ಲಿ ಒಂದು ಪದ್ಧತಿ. ಕುಡಿದು ಮುಗಿದವನು ತನ್ನ ಮಣ್ಣಿನ ಕುಡಿಕೆಯನ್ನು ಜಗಲಿಯ ಮೇಲೆ ಬೋರಲು ಹಾಕಬೇಕು. ಬೋರಲು ಬಿದ್ದರೆ ನನ್ನದಾಯಿತು, ನಾನು ಹೊರಟೆ ಅಂತ. ಬಾಯಿ ಮೇಲಾಗಿ ನಿಂತಿದ್ದರೆ ಇನ್ನೂ ಇದ್ದೀನಿ, ಬರ್ತೀನಿ ಅಂತ. ಒಬ್ಬರ ಕುಡಿಕೆಯನ್ನು ಇನ್ನೊಬ್ಬರು ಮುಟ್ಟಬಾರದು, ಅಪ್ಪನದನ್ನು ಮಗನೂ ಮುಟ್ಟಬಾರದು. ಮೂಡ್ಲಗಿರಿಯಪ್ಪ ಜಗಲಿಯ ಈ ತುದಿಯಿಂದ ಆ ತುದಿಗೆ ಒಂದು ಸಲ ಕಣ್ಣಾಡಿಸುತ್ತಿದ್ದ. ಎಲ್ಲವೂ ಬೋರಲಾಗಿದ್ದರೆ ಹಸಿರು ಬಾವುಟ. ಒಂದೇ ಒಂದು ನೆಟ್ಟಗಿದ್ದರೂ ರೈಲು ಕದಲುವಂತಿಲ್ಲ. ಒಂದು ಸಲ ಯಾರೋ ಕುಡಿಕೆ ನೆಟ್ಟಗಿಟ್ಟು, ಮನೆಯಲ್ಲಿ ಎಮ್ಮೆ ಈಯುತ್ತಿದೆ ಅಂತ ಓಡಿದನಂತೆ. ಕರು ಎದ್ದು ನಿಲ್ಲುವವರೆಗೆ ರೈಲೂ ನಿಂತಿತ್ತಂತೆ. ಕರುವಿಗೆ ರೈಲಮ್ಮ ಅಂತ ಹೆಸರಿಟ್ಟರು.

ಸಜ್ಜೆಹಳ್ಳಿಯಲ್ಲಿ ರೈಲು ನಿಂತಾಗ ಓಬಕ್ಕ ಅವನಿಗೊಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು. ಅವನು ಕುಡಿದು, ಲೋಟವನ್ನು ಬೋರಲು ಹಾಕಿ ಹೋಗುತ್ತಿದ್ದ. ಇಷ್ಟೇ. ಇಷ್ಟಕ್ಕೇ ಜನ ಏನೇನೋ ಅಂತಾರೆ. ನಾವಂತೂ ನೋಡಿಲ್ಲ.

ಹೀಗಿರುವಾಗ ದೊಡ್ಡ ಕಚೇರಿಗೆ ಹೊಸ ಸಾಹೇಬರು ಬಂದರು. ಕೋಟಿನ ಜೇಬಿನಲ್ಲಿ ಒಂದು ಗಡಿಯಾರ, ಪ್ಯಾಂಟಿನ ಜೇಬಿನಲ್ಲಿ ಇನ್ನೊಂದು. ಜನ ಅವರನ್ನು ಟೈಮು ಸಾಹೇಬರು ಅಂದರು. ಅವರು ಕಾಗದ ತಿರುವಿ ನೋಡಿದರೆ, ಸಜ್ಜೆಹಳ್ಳಿಯಲ್ಲಿ ಎರಡು ವರ್ಷದಿಂದ ಯಾರೂ ಟಿಕೇಟು ತೆಗೆಸಿಲ್ಲ. ತೆಗೆಸುವುದು ಹೇಗೆ? ಎಲ್ಲರ ಕೈಯಲ್ಲೂ ಕೋಟೆಯಲ್ಲೇ ತೆಗೆಸಿದ ಟಿಕೇಟು. ಟಿಕೇಟಿಲ್ಲದ ಕಡೆ ರೈಲು ಯಾಕೆ ನಿಲ್ಲಬೇಕು ಅಂದರು ಸಾಹೇಬರು. ತಾವೇ ಬಂದು ನೋಡಿ, ಆ ಹೆಸರನ್ನು ಹೊಡೆದುಹಾಕುವುದು ಅಂತ ಆಯಿತು.

ಸುದ್ದಿ ಡ್ರೈವರ್ ಇಮಾಮ್ ಸಾಬಿಯ ಬಾಯಿಂದ ಓಬಕ್ಕನಿಗೆ ಮುಟ್ಟಿತು. ಸಜ್ಜೆಹಳ್ಳಿಗೆ ರಸ್ತೆಯೆಂಬುದಿಲ್ಲ, ಬರುವವರೆಲ್ಲ ರೈಲಿನವರೇ. ಅವಳು ಮಜ್ಜಿಗೆ ಕೊಡುತ್ತ, "ರೈಲು ನಿಲ್ದಿದ್ರೆ ನಾನು ಹೆಂಡ ಇಳಿಸಿ ಈ ಬಂಡೆಗೆ ಕುಡಿಸ್ಲಾ ಗಾರ್ಡಪ್ಪ?" ಅಂದಳು.

ಮೂಡ್ಲಗಿರಿಯಪ್ಪನಿಗೆ ಹೇಳಬೇಕೆನಿಸಿದ್ದು ಬಹಳ ಇತ್ತು. ಅದೆಲ್ಲ ಮೀಸೆಯ ಹತ್ತಿರ ಬಂದು ನಿಂತಿತು. "ಉಪ್ಪು ಸ್ವಲ್ಪ ಜಾಸ್ತಿ ಆಗಿದೆ" ಅಂದ.

"ಅಯ್ಯೋ ನಿನ್ನ" ಅಂದು ಅವಳು ಲೋಟ ಕಿತ್ತುಕೊಂಡು ಒಳಗೆ ಹೋದಳು.

ಸಾಹೇಬರು ಬಂದ ದಿನ ಮುಂಜಾನೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಗಾರ್ಡಿನ ಡಬ್ಬಿಯಲ್ಲಿ ಕೂತು ಪ್ರತಿ ನಿಲುಗಡೆಗೆ ಎರಡೇ ನಿಮಿಷ ಅಂದರು. ಕರೇಕಲ್ಲಿನಲ್ಲಿ ಈಚಲು ಮರ ಹತ್ತುವವನು ಆಗಷ್ಟೇ ಇಳಿಸಿದ ನೀರಾ ತಂದ. ನೀರಾ ಅಂದರೆ ಗೊತ್ತಲ್ಲ, ಹುಳಿಯುವ ಮೊದಲಿನ ಈಚಲ ಹಾಲು. ಅದು ಹುಳಿಯದಿರಲಿ ಅಂತಲೇ ಮಡಕೆಯ ಒಳಗೆ ಸುಣ್ಣ ಬಳಿದಿರುತ್ತಾರೆ. ಸಾಹೇಬರಿಗೆ ಹೆಂಡವೆಂದರೆ ಆಗದು, ನೀರಾ ದೇಹಕ್ಕೆ ತಂಪು ಅಂತ ಎಲ್ಲೋ ಓದಿದ್ದರು. ಆದರೆ ಮಡಕೆಯೊಳಗೆ ಇಣುಕಿ ನೋಡಿ, ಇದೇನು ಗೋಡೆಗೆ ಬಳಿದ ಹಾಗೆ, ಗಲೀಜು ಅಂದರು. ಅಂಗಡಿಯ ಮೂಲೆಯಲ್ಲಿ ಕನ್ನಡಿಯ ಹಾಗೆ ಮಿರಮಿರ ಮಿಂಚುವ ಕರಿ ಮಡಕೆಯೊಂದಿತ್ತು. ಅದರಲ್ಲಿ ತುಂಬಿಸಿ ಕೊಡಿ, ದಾರಿಗಾಗುತ್ತದೆ ಅಂದರು.

ಆ ಮಡಕೆ ಹತ್ತು ವರ್ಷದಿಂದ ಹೆಂಡ ಕುಡಿದೂ ಕುಡಿದೂ ಮಿಂಚುತ್ತಿದ್ದ ಮಡಕೆ. ಅದರಲ್ಲಿ ಬಾವಿ ನೀರು ಹಾಕಿಟ್ಟರೂ ಸಂಜೆಗೆ ನೊರೆ ಬರುತ್ತಿತ್ತು ಅಂತಾರೆ. ಅಲ್ಲಿದ್ದವರಿಗೆಲ್ಲ ಗೊತ್ತು. ಮೂಡ್ಲಗಿರಿಯಪ್ಪನೊಬ್ಬ ಬಾಯಿ ತೆರೆದ.

"ಸಾರ್, ಆ ಮಡಕೆ..."

"ಗಾರ್ಡ್, ನೀವು ಗಡಿಯಾರ ನೋಡಿ."

ಮೂಡ್ಲಗಿರಿಯಪ್ಪ ಗಡಿಯಾರ ನೋಡಿದ. ಜೀವನದಲ್ಲಿ ಮೊದಲ ಸಲ, ತನ್ನ ದನಿ ಸಣ್ಣದಾಗಿರುವುದು ಒಳ್ಳೆಯದೇ ಅನಿಸಿತಂತೆ.

ಬಿಸಿಲು ಏರಿತು. ಗೊಲ್ಲರಬಾವಿಯ ಹೊತ್ತಿಗೆ ಮಡಕೆ ಗುಂಯ್ ಅನ್ನತೊಡಗಿತು. ನೀರಾದಲ್ಲಿ ಜೀವ ಇದೆ ಅಂದರು ಸಾಹೇಬರು. ಮೂರನೆಯ ನಿಲುಗಡೆಯಲ್ಲಿ ಕೋಟು ತೆಗೆದರು. ನಾಲ್ಕನೆಯದರಲ್ಲಿ ತಾವು ಸಣ್ಣವರಿದ್ದಾಗ ಸೋದರಮಾವ ಗಾಳಿಪಟ ಕೊಡಿಸದೆ ಹೋದ ಕಥೆ ಹೇಳಿ ಕಣ್ಣೊರೆಸಿಕೊಂಡರು. ಸಜ್ಜೆಹಳ್ಳಿಯಲ್ಲಿ ರೈಲು ನಿಲ್ಲುವ ಮೊದಲೇ ಇಳಿದು, ಮಡಕೆಯನ್ನು ಕಂಕುಳಲ್ಲಿಟ್ಟುಕೊಂಡು ನೇರ ಓಬಕ್ಕನ ಜಗಲಿಗೆ ಹೋಗಿ ಕೂತರು.

ಓಬಕ್ಕ ಒಂದು ಕುಡಿಕೆ ಇಟ್ಟಳು, ಎಲೆಯಲ್ಲಿ ಉಸಲಿ ಇಟ್ಟಳು. ಸಾಹೇಬರು ಉಸಲಿ ತಿಂದರು, ನೀರಾ ಬಗ್ಗಿಸಿಕೊಂಡರು, ಇನ್ನೊಂದಿಷ್ಟು ಉಸಲಿ ಕೇಳಿದರು. "ಅಮ್ಮಾ, ನಮ್ಮ ಮನೇಲಿ ಯಾರೂ ಹೀಗೆ ಖಾರ ಹಾಕಲ್ಲ" ಅಂದರು. ಆಮೇಲೆ ಅರ್ಧ ಕುಡಿಕೆಯನ್ನು ನೆಟ್ಟಗಿಟ್ಟು, ಹಳಿ ಪರೀಕ್ಷೆ ಮಾಡಿ ಬರ್ತೇನೆ ಅಂತ ಹೊರಟು, ಇಪ್ಪತ್ತು ಹೆಜ್ಜೆಯಾಚೆ ಹೊಂಗೆ ಮರದ ಕೆಳಗೆ ಮಲಗಿಬಿಟ್ಟರು.

ಎರಡು ನಿಮಿಷವಾಯಿತು. ಸಾಹೇಬರ ಹುಕುಮು ನೆನೆದು ಎಲ್ಲರೂ ಗಬಗಬ ಕುಡಿದು ಕುಡಿಕೆ ಬೋರಲು ಹಾಕಿ ರೈಲು ಹತ್ತಿದರು. ಮೂಡ್ಲಗಿರಿಯಪ್ಪ ಜಗಲಿಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದ. ಒಂದು ನೆಟ್ಟಗಿತ್ತು. ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡ.

"ಏನಣ್ಣೋ, ಹೊರಡಾಣ್ವಾ?" ಅಂತ ಇಮಾಮ್ ಸಾಬಿ ಇಂಜಿನ್ನಿನಿಂದ ಕೂಗಿದ.

"ಒಬ್ಬರು ಬರಬೇಕು" ಅಂದ ಮೂಡ್ಲಗಿರಿಯಪ್ಪ. ಯಾರಿಗೂ ಕೇಳಿಸಲಿಲ್ಲ.

ಸಾಹೇಬರನ್ನು ಎತ್ತಿಕೊಂಡು ಬಂದು ಡಬ್ಬಿಗೆ ಹಾಕೋಣ ಅಂದ ಒಬ್ಬ. ಆ ಕುಡಿಕೆಯನ್ನು ನಾನೇ ಬೋರಲು ಹಾಕ್ತೀನಿ, ಯಾರಿಗೆ ಗೊತ್ತಾಗ್ತದೆ ಅಂತ ಇನ್ನೊಬ್ಬ ಕೈ ಚಾಚಿದ. ಆಗ ಮೂಡ್ಲಗಿರಿಯಪ್ಪ "ಮುಟ್ಟಬೇಡ" ಅಂದನಂತೆ. ಅದು ಇಂಜಿನ್ನಿಗೆ ಕೇಳಿಸಿತು, ಊರಿಗೆ ಕೇಳಿಸಿತು, ನಾಲ್ಕನೆಯ ನಿಲುಗಡೆಯಲ್ಲೂ ಕೇಳಿಸಿತು ಅಂತಾರೆ. ಅವನು ಜೋರಾಗಿ ಮಾತಾಡಿದ್ದು ಅದೊಂದೇ ಸಲ. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಓಬಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ, ಅದರಲ್ಲಿ ಎರಡು ಪಂಗಡ ಇದೆ.

ಜನ ಇಳಿದರು, ಮತ್ತೆ ಕುಡಿದರು, ಇಸ್ಪೀಟು ಆಡಿದರು. ಮೂರು ಗಂಟೆ ಹತ್ತು ನಿಮಿಷ ಕಳೆದ ಮೇಲೆ ಸಾಹೇಬರು ಎದ್ದರು. ಒಂದು ಗಡಿಯಾರ ನೋಡಿದರು, ನಂಬದೆ ಇನ್ನೊಂದನ್ನು ನೋಡಿದರು. ರೈಲು ಯಾಕೆ ನಿಂತಿದೆ ಅಂದರು.

"ತಮ್ಮ ಕುಡಿಕೆ, ಸಾರ್" ಅಂದ ಮೂಡ್ಲಗಿರಿಯಪ್ಪ, ಮತ್ತೆ ಹಳೆಯ ದನಿಯಲ್ಲಿ.

ಸಾಹೇಬರು ಕುಡಿಕೆಯನ್ನು ನೋಡಿದರು, ಕರಿ ಮಡಕೆಯನ್ನು ಮೂಸಿದರು. ಬುದ್ಧಿವಂತರೇ, ತಿಳಿಯಿತು. ಸಜ್ಜೆಹಳ್ಳಿ ಬೇಡವೆಂದು ಬರೆದರೆ, ಯಾರಿಗೂ ಬೇಡದ ಜಾಗದಲ್ಲಿ ತಮ್ಮ ಎದುರೇ ರೈಲು ಮೂರು ಗಂಟೆ ಹತ್ತು ನಿಮಿಷ ನಿಂತದ್ದು ಯಾಕೆ ಅಂತಲೂ ಬರೆಯಬೇಕು. ಪೆನ್ನು ತೆಗೆದು ಬರೆದರಂತೆ: ಸಜ್ಜೆಹಳ್ಳಿ ಬಹಳ ಮುಖ್ಯವಾದ ನಿಲ್ದಾಣ. ಎರಡು ನಿಮಿಷ ಸಾಲದು. ಇಲ್ಲಿಗೆ ಒಂದು ಬೆಂಚು ಬೇಕು.

ಬರೆದು, ಉಳಿದರ್ಧ ಕುಡಿದು, ಕುಡಿಕೆಯನ್ನು ತಾವೇ ಬೋರಲು ಹಾಕಿದರು. ಹಸಿರು ಬಾವುಟ ಏರಿತು.

ಆಮೇಲೆ ಬಹಳ ವರ್ಷ ಮೂಡ್ಲಗಿರಿಯಪ್ಪ ಅದೇ ರೈಲಿನಲ್ಲಿ ಮಜ್ಜಿಗೆ ಕುಡಿದುಕೊಂಡಿದ್ದ. ಕೆಲಸದ ಕೊನೆಯ ದಿನ ಓಬಕ್ಕನ ಜಗಲಿಯಲ್ಲಿ ಕೂತು, ಇವತ್ತು ಒಂದು ಕುಡಿಕೆ ಕೊಡು ಅಂದ. ರೈಲಿನಲ್ಲಿದ್ದವರೆಲ್ಲ ಇಳಿದು ಬಂದು ಸುತ್ತ ನಿಂತರು. ತುಟಿಗೆ ಮುಟ್ಟಿಸಿದ ಅಂತ ಕೆಲವರು, ಮೂಸಿ ನೋಡಿದ ಅಷ್ಟೇ ಅಂತ ಕೆಲವರು. ಜಗಲಿಯ ತುದಿಯಲ್ಲಿ ಕುಡಿಕೆಯನ್ನು ನೆಟ್ಟಗಿಟ್ಟು, "ಉಪ್ಪು ಸರಿಯಾಗಿತ್ತು, ಯಾವತ್ತೂ" ಅಂತ ಓಬಕ್ಕನಿಗೆ ಹೇಳಿ, ಹಳಿಯ ಗುಂಟ ನಡೆದು ಹೋದ. ಕುಡಿಕೆ ಅವನದು, ಮುಟ್ಟುವವರು ಯಾರು? ಓಬಕ್ಕ ದಿನಾ ಅದರಲ್ಲಿ ಮಜ್ಜಿಗೆ ತುಂಬಿಸಿಟ್ಟಳು.

ಸುತ್ತಲ ಸೀಮೆಯ ಚಿಕ್ಕ ರೈಲುಗಳೆಲ್ಲ ಒಂದೊಂದಾಗಿ ನಿಂತವು, ಹಳಿ ಕಿತ್ತು ಗಾಡಿಗೆ ಹೇರಿಕೊಂಡು ಹೋದರು. ಇದನ್ನೂ ನಿಲ್ಲಿಸುತ್ತೇವೆ ಅಂತ ಒಂದು ದಿನ ಸಜ್ಜೆಹಳ್ಳಿಗೆ ಕಾಗದ ಬಂತು. ಊರವರು ಕೂಡಿ ಉತ್ತರ ಬರೆಸಿದರು: ನಿಲ್ಲಿಸುವಂತಿಲ್ಲ, ನಮ್ಮಲ್ಲಿ ಒಬ್ಬರ ಕುಡಿಕೆ ಇನ್ನೂ ನೆಟ್ಟಗಿದೆ. ದೊಡ್ಡ ಕಚೇರಿಯಲ್ಲಿ ಅದಕ್ಕೆ ಏನು ಬರೆಯಬೇಕೆಂದು ಯಾರಿಗೂ ತಿಳಿಯಲಿಲ್ಲವಂತೆ, ಇನ್ನೂ ಬರೆದಿಲ್ಲ.

ಹಾಗಾಗಿ ಭಾನುವಾರಕ್ಕೊಂದು ಸಲ ಆ ರೈಲು ಈಗಲೂ ಓಡುತ್ತದೆ. ಪಟ್ಟಣದವರು ಟೋಪಿ ಹಾಕಿಕೊಂಡು ಬಂದು ಐದೂ ಕಡೆ ಇಳಿಯುತ್ತಾರೆ. ಈಗ ಅಲ್ಲಿ ಸಿಗುವುದು ಬರೀ ನೀರಾ ಅಂತಾರೆ. ಬೆಳಗಿನ ಹೊತ್ತು ಹೋದವರಿಗೆ ಅದು ನಿಜವೂ ಹೌದು. ಸಜ್ಜೆಹಳ್ಳಿಯಲ್ಲಿ ಓಬಕ್ಕನ ಮೊಮ್ಮಗಳು ಮೊದಲು ಜಗಲಿಯ ತುದಿಯ ಕುಡಿಕೆಗೆ ಮಜ್ಜಿಗೆ ತುಂಬಿಸಿ, ಆಮೇಲೆ ಉಳಿದವರಿಗೆ ಕೊಡುತ್ತಾಳೆ. ಹೊರಡುವ ಮುಂಚೆ ಗಾರ್ಡು ಬಂದು ಈ ತುದಿಯಿಂದ ಆ ತುದಿಗೆ ಕಣ್ಣಾಡಿಸುತ್ತಾನೆ. ಎಲ್ಲ ಬೋರಲಾಗಿ, ಆ ಒಂದು ಮಾತ್ರ ನೆಟ್ಟಗಿದ್ದರೆ ಬಾವುಟ ಬೀಸುತ್ತಾನೆ. ಬೀಸುವ ಮುಂಚೆ ಆ ಕುಡಿಕೆಯ ಕಡೆ ತಿರುಗಿ, ಯಾರಿಗೂ ಕೇಳಿಸದ ಹಾಗೆ ಒಂದು ಮಾತು ಹೇಳಬೇಕು ಅನ್ನುವುದು ಪದ್ಧತಿ: ಮುಂದಿನ ವಾರ ಬರ್ತೀವಿ ಗಾರ್ಡಪ್ಪ, ಅವಸರ ಇಲ್ಲ.