ಸದ್ದಿಲ್ಲದ ಜೀಪು

"ಬುದ್ಧಿ, ಹನ್ನೊಂದು ವರ್ಷದಿಂದ ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ಆದರೂ ಆ ಶಾಖಾಮಠಕ್ಕೆ ನನ್ನನ್ನು ಕಳಿಸಲು ತಾವು ಏಕೆ ಹಿಂದೆಮುಂದೆ ನೋಡುತ್ತಿದ್ದೀರಿ?"

ಹೀಗೆ ಕೇಳಿದವನು ನಿರ್ವಾಣಯ್ಯ, ಮಠದ ಹಿರಿಯ ಶಿಷ್ಯ. ಶಾಖಾಮಠವಿದ್ದ ಊರಿನಲ್ಲಿ ಎರಡು ಪಂಗಡಗಳಿದ್ದವು. ಯಾರು ಹೋದರೂ ಒಂದು ಪಂಗಡದವರು ಹೊಗಳುತ್ತಿದ್ದರು, ಇನ್ನೊಂದು ಪಂಗಡದವರು ಬಾಗಿಲಿಗೆ ಬಂದು ಬೈಯುತ್ತಿದ್ದರು. ಈಗಾಗಲೇ ಇಬ್ಬರು ಹೋಗಿ ಹಿಂದಿರುಗಿದ್ದರು. ಒಬ್ಬ ಅಳುತ್ತ ಬಂದ. ಇನ್ನೊಬ್ಬ ಭಕ್ತರೊಬ್ಬರ ಮೇಲೆ ಕೈಮಾಡಿ ಬಂದ. ಮೂರನೆಯವನು ಯಾರೆಂದು ಗುರುಗಳು ಸೋಮವಾರ ಹೇಳಬೇಕಾಗಿತ್ತು.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿ, ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹಿತ್ತಾಳೆ, ತಾಮ್ರ, ಕಂಚಿನ ವ್ಯಾಪಾರ. ಸರಕು ಬಂದಾಗ ಪ್ರತಿಯೊಂದು ಪಾತ್ರೆಯನ್ನೂ ಎಡಗೈಯ ಬೆರಳ ತುದಿಗಳ ಮೇಲೆ ನಿಲ್ಲಿಸಿ, ಬಲಗೈಯ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದ. ನಾದ ಎಳೆದುಕೊಂಡು ಹೋಗಿ ತಾನಾಗಿ ಆರಿದರೆ ಪಾತ್ರೆ ಅಂಗಡಿಗೆ ಸೇರುತ್ತಿತ್ತು. ನಡುವೆ ಸ್ವಲ್ಪ ಒಡಕು ಕೇಳಿಸಿದರೂ ಹಿಂದಕ್ಕೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನ ಕಿವಿ ತಪ್ಪಿದ್ದಿಲ್ಲ. ಊರಿನವರು ಇದನ್ನು ಹೇಳುತ್ತಿದ್ದರು. ಅವನೂ ಹೇಳಿಕೊಳ್ಳುತ್ತಿದ್ದ.

ಕಿವಿಯ ಮೇಲೆ ಇಷ್ಟು ನಂಬಿಕೆಯಿದ್ದ ಆ ಮನುಷ್ಯನಿಗೆ ಉಳಿದ ಯಾವುದರ ಮೇಲೂ ನಂಬಿಕೆಯಿರಲಿಲ್ಲ. ಅಂಗಡಿಯ ಬೀಗವನ್ನು ಮೂರು ಸಲ ಎಳೆದು ನೋಡುತ್ತಿದ್ದ. ಮನೆಗೆ ಹೋಗುವ ದಾರಿಯಲ್ಲಿ ಅರ್ಧಕ್ಕೆ ನಿಂತು ಮತ್ತೆ ಬಂದು ನಾಲ್ಕನೆಯ ಸಲ ಎಳೆಯುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ಬಲಗಾಲಿನಲ್ಲಿ ಶಕ್ತಿಯಿಲ್ಲ. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡರೆ ಅಂಗಳದಷ್ಟು ದೂರ ನಡೆಯುತ್ತಿದ್ದಳು. ಆ ವರ್ಷ ಅವಳ ತರಗತಿಯ ಮಕ್ಕಳು ನದಿಯ ದಡಕ್ಕೆ ಹೋಗಿ, ಡೇರೆ ಹಾಕಿ, ಒಂದು ರಾತ್ರಿ ಇದ್ದು ಬಂದರು. ಬಸ್ಸು ನಿಲ್ಲುವಲ್ಲಿಂದ ನದಿಗೆ ಮೂರು ಮೈಲಿ ನಡೆಯಬೇಕಾಗಿತ್ತು. ಅವಳು ಮನೆಯಲ್ಲಿ ಉಳಿದಳು. ಅಳಲಿಲ್ಲ. ಮಕ್ಕಳು ಬಂದ ಮೇಲೆ ಒಂದೇ ಮಾತು ಕೇಳಿದಳು.

"ಅಪ್ಪಾ, ರಾತ್ರಿ ಮಲಗಿದರೆ ನದಿ ಕಿವಿಯ ಹತ್ತಿರವೇ ಹರಿದಂತೆ ಕೇಳಿಸುತ್ತದಂತೆ. ನಿಜವೇ?"

ವ್ಯಾಪಾರಿ ಆ ಗಳಿಗೆಯಲ್ಲಿ ಮಾತು ಕೊಟ್ಟುಬಿಟ್ಟ. ಕೊಟ್ಟ ಮೇಲೆ ಅವನ ನೆಮ್ಮದಿ ಹೋಯಿತು. ಕರೆದುಕೊಂಡು ಹೋಗುವುದು ದೊಡ್ಡದಲ್ಲ, ಕರೆದುಕೊಂಡು ಬರಬೇಕು. ಬೇರೆ ಮಕ್ಕಳಾದರೆ ಏನಾದರೂ ಆದಾಗ ಓಡಿ ದಡ ಹತ್ತುತ್ತಾರೆ. ಇವಳು ಓಡಲಾರಳು. ಆದುದರಿಂದ ನೀರಿನ ಅಂಚಿನವರೆಗೆ ಹೋಗಿ, ಅಲ್ಲಿಂದ ತಪ್ಪದೆ ಹಿಂದಿರುಗಿ ಬರುವ ವಾಹನ ಬೇಕು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ ಸಿಗುವ ಜೀಪೇ ಆಗಬೇಕು. ವರ್ಷಕ್ಕೆ ಒಂದೆರಡು ಸಲದ ಕೆಲಸಕ್ಕೆ ಹೊಸದನ್ನು ಕೊಳ್ಳುವ ಅನುಕೂಲ ಅವನಿಗಿರಲಿಲ್ಲ. ಹಳೆಯದನ್ನು ಹುಡುಕತೊಡಗಿದ.

ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡ. ಹೆಂಡತಿ ಅದನ್ನು ತೆರೆದು ಎಣಿಸಿದಳು.

"ನನ್ನನ್ನು ನೋಡಲು ಬಂದಾಗ ಮೂರೇ ಪ್ರಶ್ನೆ ಕೇಳಿದಿರಿ. ಒಂದು ಹಳೇ ಜೀಪಿಗೆ ನಲವತ್ತೊಂದೇನ್ರೀ?"

"ನಿನ್ನನ್ನು ಕೆಸರಿಗೆ ಇಳಿಸಬೇಕಾಗಿರಲಿಲ್ಲ."

"ಅದೂ ಆಯಿತು, ನಿಮ್ಮ ಮನೆಗೆ ಬಂದ ಮೇಲೆ," ಎಂದು ಅವಳು ಒಳಗೆ ಹೋದಳು.

ವ್ಯಾಪಾರಿ ನಗಲಿಲ್ಲ. ನಲವತ್ತೆರಡನೆಯ ಪ್ರಶ್ನೆ ಬರೆದುಕೊಂಡ.

ಎರಡು ತಿಂಗಳು ಅಲೆದ. ದಲ್ಲಾಳಿಗಳ ಅಂಗಳದಲ್ಲಿ ಕಂಡವುಗಳಿಗೆ ಹೊಸ ಬಣ್ಣ ಬಳಿದಿತ್ತು. ಕಾಲಡಿಯ ರಬ್ಬರ್ ಚಾಪೆಯನ್ನು ಎತ್ತಿದರೆ ತುಕ್ಕು ಹಿಡಿದು ತೂತಾಗಿತ್ತು. ಕೊನೆಗೆ ಒಬ್ಬ ರೈತನ ಜೀಪಿನ ಸುದ್ದಿ ಸಿಕ್ಕಿತು. ತನಗೆ ಪರಿಚಯದ ಒಬ್ಬ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋದ.

ರೈತನ ಜೀಪು ನೋಡಲು ಚೆನ್ನಾಗಿರಲಿಲ್ಲ. ಒಂದು ಬಾಗಿಲು ಬೇರೆ ಬಣ್ಣದ್ದು. ಮೈಯೆಲ್ಲ ತಗ್ಗು. ಮೆಕ್ಯಾನಿಕ್ ಕೆಳಗೆ ನುಸುಳಿ ನೋಡಿ, ಕೈ ಒರೆಸಿಕೊಂಡು, ಎಲ್ಲವೂ ಇರಬೇಕಾದಲ್ಲಿ ಇದೆ ಎಂದ. ವ್ಯಾಪಾರಿ ನೋಟ್‌ಬುಕ್ ತೆರೆದ.

"ಇದು ಯಾವಾಗಲಾದರೂ ಹೂತುಕೊಂಡಿದೆಯೋ?"

"ಐದು ಸಲ ಹೂತಿದೆ ಸ್ವಾಮಿ. ಆರು ಸಲ ಎದ್ದಿದೆ."

"ಆರನೆಯದು ಹೇಗೆ?"

"ಪಕ್ಕದ ಹೊಲದವನ ಟ್ರ್ಯಾಕ್ಟರ್ ಹೂತಿತ್ತು. ಅದನ್ನೂ ಎಳೆದುಕೊಂಡು ಎದ್ದಿತು."

ಐದು ಸಲ ಎಂಬ ಮಾತೇ ವ್ಯಾಪಾರಿಯ ಮನಸ್ಸಿನಲ್ಲಿ ಉಳಿಯಿತು. ಜೀಪು ಹತ್ತಿ ಒಂದು ಸುತ್ತು ಹೋದ. ಮುಂಭಾಗದಿಂದ ಒಂದು ಗೊರಗೊರ ಸದ್ದು ಬಿಡದೆ ಬರುತ್ತಿತ್ತು. ಅದೇನೆಂದು ಕೇಳಿದ. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಹಲ್ಲುಚಕ್ರಗಳ ಸದ್ದು ಅದು, ಕೆಲಸ ಮಾಡುವುದು ಸದ್ದು ಮಾಡುತ್ತದೆ ಎಂದು ರೈತ ಹೇಳಿದ. ಆಮೇಲೆ ತನ್ನ ಹೊಲದ ಕೆಳಗಿನ ಕೆರೆಯಂಗಳವನ್ನು ತೋರಿಸಿದ. ಅಲ್ಲಿ ಮೊಣಕಾಲುದ್ದ ಕೆಸರಿತ್ತು.

"ಇಳಿಸಿ ನೋಡೋಣ ಬನ್ನಿ ಸ್ವಾಮಿ. ನಿಮ್ಮ ಅಂಗಡಿಯಲ್ಲಿ ಕೊಡ ಕೊಳ್ಳುವವರು ನೀರು ತುಂಬಿ ನೋಡುವುದಿಲ್ಲವೇ?"

ವ್ಯಾಪಾರಿ ಕೆಸರನ್ನು ನೋಡಿದ. ಆರನೆಯ ಸಲ ಹೂತರೆ ಏನು ಗತಿ ಎಂದು ಹೆದರಿದ. ಆಲೋಚಿಸಿ ಹೇಳುತ್ತೇನೆ ಎಂದು ಹೊರಟುಬಂದ. ಆ ಗೊರಗೊರ ಸದ್ದು ಮೂರು ದಿನ ಅವನ ಕಿವಿಯಲ್ಲಿತ್ತು. ಒಡಕು ನಾದದ ಪಾತ್ರೆಯನ್ನು ಅವನು ಎಂದೂ ಕೊಂಡವನಲ್ಲ.

ನಾಲ್ಕನೆಯ ದಿನ, ನಿವೃತ್ತ ನ್ಯಾಯಾಧೀಶರೊಬ್ಬರು ತಮ್ಮ ಜೀಪನ್ನು ಕೊಡುತ್ತಾರೆಂದು ತಿಳಿಯಿತು. ಅಂಥವರ ಮನೆಗೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗುವುದು ಮರ್ಯಾದೆಯಲ್ಲವೆಂದು ವ್ಯಾಪಾರಿ ಒಬ್ಬನೇ ಹೋದ. ಚಪ್ಪಲಿಯನ್ನು ಗೇಟಿನ ಬಳಿಯೇ ಬಿಟ್ಟ.

ಜೀಪಿಗೆ ಬಟ್ಟೆಯ ಹೊದಿಕೆ ಹಾಕಿತ್ತು. ನ್ಯಾಯಾಧೀಶರು ತಾವೇ ಹೊದಿಕೆ ತೆಗೆದರು. ಒಂದು ಗೀರೂ ಇರಲಿಲ್ಲ. ತಮಗಿಂತ ಮೊದಲು ಇದಕ್ಕೆ ಒಬ್ಬ ಯಜಮಾನನಿದ್ದನೆಂದೂ, ತಮ್ಮ ಬಳಿ ಒಂಬತ್ತು ವರ್ಷದಿಂದ ಇದೆಯೆಂದೂ ಹೇಳಿದರು. ಒಮ್ಮೆಯೂ ಹೂತಿಲ್ಲ, ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರು ಸುಳ್ಳು ಹೇಳುವವರಲ್ಲ.

ವ್ಯಾಪಾರಿ ಓಡಿಸಿ ನೋಡಿದ. ಟಾರು ರಸ್ತೆಯ ಮೇಲೆ ಜೀಪು ಒಳ್ಳೆಯ ಕಂಚಿನ ಗಂಟೆಯಂತೆ ಒಂದೇ ನಾದದಲ್ಲಿ ಹೋಯಿತು. ಒಡಕಿಲ್ಲ, ಗೊರಗೊರವಿಲ್ಲ. ಗೇರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್ ಇತ್ತು. ಅದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಎಳೆತ ಬರಬೇಕು. ವ್ಯಾಪಾರಿ ಅದರ ಮೇಲೆ ಕೈಯಿಟ್ಟ.

"ಅದು ಕಷ್ಟಕಾಲಕ್ಕೆ ಇರುವುದು. ಸುಮ್ಮಸುಮ್ಮನೆ ಏಕೆ ಸವೆಸುತ್ತೀರಿ?" ಎಂದರು ನ್ಯಾಯಾಧೀಶರು.

ವ್ಯಾಪಾರಿಗೆ ಆ ಮಾತು ಬಹಳ ಹಿಡಿಸಿತು. ವಸ್ತುವನ್ನು ಇಟ್ಟುಕೊಳ್ಳುವುದೆಂದರೆ ಹೀಗೆ ಎಂದುಕೊಂಡ. ಕೈ ತೆಗೆದ. ನಲವತ್ತೆರಡು ಪ್ರಶ್ನೆಗಳಲ್ಲಿ ಮೂವತ್ತೈದನ್ನು ಕೇಳದೆಯೇ ಜೀಪನ್ನು ಕೊಂಡ.

ಮುಂಗಾರು ಹತ್ತಿರವಾಗಿತ್ತು. ಮಳೆ ಹಿಡಿಯುವ ಮೊದಲು ಹೋಗಿಬರಬೇಕೆಂದು ಒಂದು ಶನಿವಾರ ಮೂವರೂ ಹೊರಟರು. ಟಾರು ರಸ್ತೆ ಬಿಟ್ಟ ಮೇಲೆ ಕುರುಚಲು ಕಾಡಿನ ಗಾಡಿದಾರಿ. ನದಿಗೆ ಸ್ವಲ್ಪ ಮುಂಚೆ ಒಂದು ಒಣ ಹಳ್ಳ ಅಡ್ಡ ಬರುತ್ತಿತ್ತು. ಅದರ ಈಚೆ ದಡ ಕಡಿದು, ಆಚೆ ದಡ ಮಟ್ಟ. ಜೀಪು ಇಳಿಜಾರಿನ ರಭಸದಲ್ಲಿ ಇಳಿದು, ಮರಳನ್ನು ದಾಟಿ, ಆಚೆ ಹೋಯಿತು. ವ್ಯಾಪಾರಿ ಹೆಂಡತಿಯ ಮುಖ ನೋಡಿದ. ಅವಳು ಹಿಡಿದಿದ್ದ ಕಂಬಿಯಿಂದ ಕೈ ಬಿಟ್ಟಳು. ಮಗಳು ಸಂಜೆಯವರೆಗೆ ಬೂಟು ಬಿಚ್ಚಿ ನೀರಿನಲ್ಲಿ ಕಾಲಿಟ್ಟು ಕುಳಿತಳು. ಆ ರಾತ್ರಿ ಅವಳು ಮಲಗಿದಳು. ವ್ಯಾಪಾರಿ ಮಲಗಲಿಲ್ಲ.

ಬೆಳಿಗ್ಗೆ ಕಾಫಿಗೆ ನೀರು ತರಲು ಹೋದ ಹೆಂಡತಿ ಖಾಲಿ ಪಾತ್ರೆ ಹಿಡಿದು ಓಡಿಬಂದಳು.

"ರೀ, ನೀರು ಕೆಂಪಾಗಿದೆ."

ಮೇಲೆ ಬೆಟ್ಟದಲ್ಲಿ ಎಲ್ಲೋ ಮಳೆ ಬಿದ್ದಿತ್ತು. ಇಲ್ಲಿ ಒಂದು ಹನಿಯೂ ಇರಲಿಲ್ಲ. ಡೇರೆಯನ್ನು ಮಡಿಸದೆ ಹಿಂದಕ್ಕೆ ತುರುಕಿದರು. ಒಲೆಯನ್ನು ಅಲ್ಲೇ ಬಿಟ್ಟರು. ಹಳ್ಳಕ್ಕೆ ಬಂದಾಗ ಅದರಲ್ಲಿ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಇಷ್ಟೇ ತಾನೇ ಎಂದು ವ್ಯಾಪಾರಿ ಜೀಪನ್ನು ಇಳಿಸಿದ. ಕಡಿದಾದ ದಡವನ್ನು ಅರ್ಧ ಏರುವಷ್ಟರಲ್ಲಿ ಹಿಂದಿನ ಚಕ್ರಗಳು ತಿರುಗಿದಲ್ಲೇ ತಿರುಗಿದವು. ಜೀಪು ಜಾರಿ, ಹಳ್ಳದ ನಡುವೆ ಬಂದು ನಿಂತಿತು.

"ಹೆದರಬೇಡ. ಇದಕ್ಕಾಗಿಯೇ ಇದನ್ನು ಕೊಂಡದ್ದು," ಎಂದ ವ್ಯಾಪಾರಿ.

ಚಿಕ್ಕ ಲಿವರನ್ನು ಎಳೆದ. ಅದು ಬೆಣ್ಣೆಯಲ್ಲಿ ಎಳೆದಂತೆ ಸಲೀಸಾಗಿ ಬಂತು. ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು. ಪೆಡಲ್ ಒತ್ತಿದ. ಎಂಜಿನ್ನು ಅದೇ ಶುದ್ಧ ನಾದದಲ್ಲಿ ಓಡಿತು. ಹಿಂದಿನ ಚಕ್ರಗಳು ಮರಳನ್ನು ತೋಡಿಕೊಂಡು ಇನ್ನಷ್ಟು ಇಳಿದವು. ಹೆಂಡತಿ ಕೆಳಗಿಳಿದು ನಿಂತು ನೋಡಿದಳು.

"ಮುಂದಿನ ಚಕ್ರ ಅಲುಗುತ್ತಲೇ ಇಲ್ಲ. ಇನ್ನೊಂದು ಸಲ ಒತ್ತಿ. ಇಲ್ಲ, ಅಲುಗುತ್ತಿಲ್ಲ."

ವ್ಯಾಪಾರಿ ಇಳಿದ. ನೀರು ಮೊಣಕಾಲಿಗೆ ಬಂದಿತ್ತು. ಬಗ್ಗಿ ಜೀಪಿನ ಅಡಿಗೆ ಕೈ ಹಾಕಿದ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಒಂದು ಕಬ್ಬಿಣದ ದಂಡ ಅಲ್ಲಿರಬೇಕು. ರೈತನ ಜೀಪಿನಲ್ಲಿ ಮೆಕ್ಯಾನಿಕ್ ಅದನ್ನು ಮುಟ್ಟಿ ತೋರಿಸಿದ್ದ. ವ್ಯಾಪಾರಿ ಈ ತುದಿಯಿಂದ ಆ ತುದಿಯವರೆಗೆ ತಡವಿದ. ಅವನ ಕೈಗೆ ನೀರು ಸಿಕ್ಕಿತು, ಬೇರೇನೂ ಸಿಗಲಿಲ್ಲ.

ಎಂದೋ ಮೊದಲ ಯಜಮಾನ, ಡೀಸೆಲ್ ಉಳಿಯಲಿ, ಸದ್ದು ಅಡಗಲಿ ಎಂದು ಆ ದಂಡವನ್ನು ಬಿಚ್ಚಿಸಿ ತೆಗೆದಿದ್ದ. ಆದುದರಿಂದಲೇ ಜೀಪಿಗೆ ಸದ್ದಿರಲಿಲ್ಲ.

"ಅಪ್ಪಾ, ನೀರು ಒಳಗೆ ಬಂತು," ಎಂದಳು ಮಗಳು. ಸೀಟಿನ ಮೇಲೆ ಕಾಲೆತ್ತಿ ಕುಳಿತಿದ್ದಳು.

ವ್ಯಾಪಾರಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡ. ಹೆಂಡತಿ ಬೂಟನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಗಂಡನ ಬೆನ್ನನ್ನು ಮೇಲಕ್ಕೆ ಒತ್ತಿದಳು. ಒದ್ದೆ ಮರಳು ಕಾಲ ಕೆಳಗೆ ಕುಸಿಯುತ್ತಿತ್ತು. ಒಮ್ಮೆ ಅವನು ಮಂಡಿಯೂರಿ ಬಿದ್ದ. ಮಗಳು ಅವನ ಕೂದಲನ್ನು ಹಿಡಿದುಕೊಂಡಳು, ಕೂಗಲಿಲ್ಲ. ಒಂದು ಬೇರು ಕೈಗೆ ಸಿಕ್ಕಿತು. ಅದನ್ನು ಹಿಡಿದು ಮೇಲೇರಿದರು.

ದಡದ ಮೇಲೆ ಕುಳಿತು ತಿರುಗಿ ನೋಡಿದಾಗ ಜೀಪಿನ ದೀಪಗಳ ಮಟ್ಟಕ್ಕೆ ನೀರು ಬಂದಿತ್ತು. ನೋಡುತ್ತಿದ್ದಂತೆಯೇ ಜೀಪು ಪಕ್ಕಕ್ಕೆ ವಾಲಿತು. ಹೆಂಡತಿ ಬೂಟನ್ನು ಬಾಯಿಯಿಂದ ತೆಗೆದಳು. ಅದರೊಳಗಿನ ಮರಳು ಕೊಡವಿ ಮಗಳ ಕಾಲಿಗೆ ಹಾಕಿದಳು. ಮಗಳನ್ನು ಸರದಿಯ ಮೇಲೆ ಹೊತ್ತು, ಟಾರು ರಸ್ತೆಯವರೆಗೆ ನಡೆದರು.

ಸುದ್ದಿ ತಿಳಿದು ನ್ಯಾಯಾಧೀಶರು ತಾವಾಗಿಯೇ ಅಂಗಡಿಗೆ ಬಂದರು. ನಿಂತೇ ಮಾತನಾಡಿದರು.

"ನಾನು ನಿಮಗೆ ಒಂದು ಸುಳ್ಳನ್ನೂ ಹೇಳಲಿಲ್ಲ."

"ಇಲ್ಲ ಸ್ವಾಮಿ. ತಾವು ಸುಳ್ಳು ಹೇಳಲಿಲ್ಲ."

"ಆ ಲಿವರನ್ನು ಎಳೆಯುವ ಸಂದರ್ಭವೇ ನನಗೆ ಬರಲಿಲ್ಲ."

ವ್ಯಾಪಾರಿಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ಅವರಿಗೆ ಕುರ್ಚಿ ಹಾಕಿ, ನೀರು ತರಿಸಿಕೊಟ್ಟ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ನಿರ್ವಾಣಯ್ಯ ದೀರ್ಘವಾಗಿ ಉಸಿರು ಬಿಟ್ಟ. ಹುಡುಗಿ ಉಳಿದಳೆಂದು ಅವನಿಗೆ ಸಮಾಧಾನವಾಗಿತ್ತು.

"ಪಾಪ, ಆ ನ್ಯಾಯಾಧೀಶರು ಒಳ್ಳೆಯವರು ಬುದ್ಧಿ. ತಮ್ಮ ಜೀಪಿನಲ್ಲಿ ಏನಿಲ್ಲವೆಂಬುದು ಅವರಿಗೇ ಗೊತ್ತಿರಲಿಲ್ಲವಲ್ಲ," ಎಂದ.

ಗುರುಗಳು ಕೇಳಿದರು:

"ನಿರ್ವಾಣಯ್ಯ, ಈ ಹನ್ನೊಂದು ವರ್ಷದಲ್ಲಿ ನಿನ್ನನ್ನು ಬೈದವರು ಯಾರು?"