ಅಧ್ಯಕ್ಷರ ಸಿಂಗಲ್ ಮಾಲ್ಟ್

ಮೈಸೂರಿನ ಒಂದು ಕ್ಲಬ್ಬಿನಲ್ಲಿ ಸದಸ್ಯರ ಬಾಟಲಿಗಳ ಬೀರುವಿನ ಕೀಲಿ ಬೇರರ್ ಚೌರಪ್ಪನ ಬಳಿ ಇರುತ್ತಿತ್ತು. ಒಂದು ಸಂಜೆ ಅಧ್ಯಕ್ಷ ಸಂಪತ್ಕುಮಾರರು ಅತಿಥಿಗಳ ಮುಂದೆ ತಮ್ಮ ಹದಿನೆಂಟು ವರ್ಷದ ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ ತರಿಸಿದರು. ಗ್ಲಾಸಿಗೆ ಮೂಗಿಟ್ಟು ಮೂಸಿ, ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟರು.

“ಅರ್ಧ ನೀರು. ಕದ್ದು ಕುಡಿದು ನೀರು ತುಂಬಿಸಿದ್ದೀಯ. ನಾಳೆಯಿಂದ ಕೆಲಸಕ್ಕೆ ಬರಬೇಡ.”

ಚೌರಪ್ಪ ಹನಿಯನ್ನೂ ಮುಟ್ಟಿರಲಿಲ್ಲ.

“ನಿಮ್ಮ ನಾಲಿಗೆಗೆ ಎದುರಾಡುವುದುಂಟೇ ಸ್ವಾಮಿ? ಕಲಬೆರಕೆಯನ್ನು ಅತಿಥಿಗಳಿಗೆ ಕೊಡಬಾರದು” ಎನ್ನುತ್ತ ಬಾಟಲಿಯನ್ನು ವಾಷ್‌ಬೇಸಿನ್ನಿಗೆ ಬಗ್ಗಿಸಿದ. ಇನ್ನೇನು ಮೊದಲ ಹನಿ ಬೀಳಬೇಕು, ಅಧ್ಯಕ್ಷರು ಕುರ್ಚಿ ಉರುಳಿಸಿ ಓಡಿಬಂದು ಬಾಟಲಿಯನ್ನು ಎದೆಗವಚಿಕೊಂಡರು.

“ಲೋ, ಅಪ್ಪಟ ಸ್ಕಾಚ್ ಕಣೋ ಇದು!”

ಅತಿಥಿಗಳು ಗೊಳ್ಳೆಂದು ನಕ್ಕರು.

“ನಿಮ್ಮ ನಾಲಿಗೆ ತಪ್ಪಿದರೂ ಕೈ ಸರಿಯಾಗಿಯೇ ರುಚಿ ನೋಡಿತು ಸ್ವಾಮಿ. ನಾಳೆ ಬರುತ್ತೇನೆ” ಎಂದ ಚೌರಪ್ಪ.