ನಕ್ಷೆಯಲ್ಲಿಲ್ಲದ ಹೊಳೆ

ಒಂದೂರಿನ ನಕ್ಷೆ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ. ಊಟವಾದ ಮೇಲೆ ಹಳೆಯ ನಕ್ಷೆ ಹರಡಿಕೊಂಡು, ನೀಲಿ ಗೆರೆಗಳ ಮೇಲೆ ಬೆರಳಾಡಿಸುತ್ತ, ಹೊಳೆಯಿಂದ ಹೊಳೆಗೆ ತೇಲಿಹೋಗುವುದು ಅವನ ಅಭ್ಯಾಸ.

ಅವತ್ತೂ ಹಾಗೇ ತೇಲುತ್ತಿದ್ದಾಗ ಅಧಿಕಾರಿ ವೃಷಭೇಂದ್ರಪ್ಪ ಗುಡುಗಿದರು. “ಏನಯ್ಯಾ, ನಿದ್ದೆಯಾ? ಮೇಲಿನ ಕಚೇರಿಯಿಂದ ಇಮೇಲ್ ಬಂದಿದೆ. ತಾಳೆ ನೋಡೋಕೆ ಪಾಸ್‌ವರ್ಡ್ ಬೇಕಂತೆ. ಕೊಡದಿದ್ರೆ ನಮ್ಮ ಇಮೇಲೇ ಬಂದ್ ಮಾಡ್ತಾರಂತೆ. ಈಗಲೇ ಕಳಿಸು!”

ಪಾಸ್‌ವರ್ಡ್ ಬರೆದ ಚೀಟಿ ಅವರ ಮೇಜಿನ ಗಾಜಿನಡಿ ಊರಿಗೆಲ್ಲ ಕಾಣುವಂತಿತ್ತು.

“ಮೇಲಿನವರು ಪಾಸ್‌ವರ್ಡ್ ಯಾಕೆ ಕೇಳ್ತಾರೆ ಸಾರ್? ಫೋನ್ ಮಾಡಿ ವಿಚಾರಿಸಲಾ?”

“ನನಗೇ ಬುದ್ಧಿ ಹೇಳ್ತೀಯಾ?”

ಗುಮಾಸ್ತ ಕಣ್ಣು ಅರೆಮುಚ್ಚಿಕೊಂಡು ಏನೋ ಬರೆದು ಕಳಿಸಿದ. ಫ್ಯಾನು ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಉತ್ತರ ಬಂತು: “ತಾಳೆ ನೋಡಿದೆವು. ಪಾಸ್‌ವರ್ಡ್ ಸರಿಯಾಗಿದೆ.”

“ನೋಡಿದೆಯಾ!” ಎಂದು ವೃಷಭೇಂದ್ರಪ್ಪ ಮೀಸೆ ತಿರುವಿದರು.

“ನಾನು ಕಳಿಸಿದ್ದು ನಿಮ್ಮ ಪಾಸ್‌ವರ್ಡ್ ಅಲ್ಲ ಸಾರ್. ಬೆಳ್ಳಕ್ಕಿಹೊಳೆ ಅಂತ ಒಂದು ಹೊಳೆಯ ಹೆಸರು. ನಿಜವಾಗಿ ಮೇಲಿನವರೇ ಆಗಿದ್ರೆ ತಪ್ಪು ಅಂತಿದ್ರು.”

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. “ಎಲ್ಲಿದೆಯಯ್ಯಾ ಆ ಹೊಳೆ?”

“ಯಾವ ನಕ್ಷೆಯಲ್ಲೂ ಇಲ್ಲ ಸಾರ್. ಊಟ ಆದ್ಮೇಲೆ ನನ್ನ ಕಣ್ಣೊಳಗೆ ಮಾತ್ರ ಹರಿಯುತ್ತೆ.”

ವೃಷಭೇಂದ್ರಪ್ಪ ಗಾಜನ್ನೆತ್ತಿ ಚೀಟಿ ತೆಗೆದರು. ಯಾರ ಕೈಗೂ ಸಿಗದಿರಲೆಂದು ಅದನ್ನು ವೀಳ್ಯದೆಲೆಯೊಳಗೆ ಮಡಚಿ ಬಾಯಿಗಿಟ್ಟು ಅಗಿದರು. ಪೂರ್ತಿ ನುಂಗಿದ ಮೇಲೆ ಅವರ ಮುಖ ಬಿಳುಚಿಕೊಂಡಿತು.

“ಏನಯ್ಯಾ, ಅದರಲ್ಲಿ ಏನು ಬರೆದಿತ್ತು?”

ಗುಮಾಸ್ತ ಆಗಲೇ ಹೊಳೆಗಿಳಿದಿದ್ದ.